ಶಿವಮೊಗ್ಗ ಕಡೆಯ ಹೋಟೆಲ್‌ಗಳಲ್ಲಿ ಟಿಪ್ಸ್: ಯಾರ ಕೈಗೆ, ಎಷ್ಟು, ಎಲ್ಲಿ ಬೇಡ

ತಟ್ಟೆಯನ್ನು ನೀವೇ ಹೊತ್ತುಕೊಂಡು ಬಂದಿದ್ದರೆ ಟಿಪ್ಸ್ ಬೇಡ. ಇನ್ನೊಬ್ಬರು ತಂದಿಟ್ಟು, ಎರಡನೇ ಸಲ ಸಾಂಬಾರ್ ಹಾಕಿ, ಬಿಲ್ಲನ್ನೂ ತಂದುಕೊಟ್ಟಿದ್ದರೆ ಕೊಡಿ, ಆದರೆ ಅವರ ಕೈಗೇ ಕೊಡಿ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯ ಹೋಟೆಲ್‌ಗಳ ಮಟ್ಟಿಗೆ ಮುಕ್ಕಾಲು ಪಾಲು ಗೊಂದಲ ಇಷ್ಟರಲ್ಲೇ ಬಗೆಹರಿಯುತ್ತದೆ. ಉಳಿದದ್ದು ಬಿಲ್ಲಿನ ಕೊನೆಯ ನಾಲ್ಕು ಸಾಲುಗಳಲ್ಲಿದೆ. ಅದನ್ನು ಹೆಚ್ಚಿನವರು ಓದುವುದೇ ಇಲ್ಲ.

ಮೊದಲು ಬಿಲ್ ಓದಿ

ತಿಂಡಿಗಳ ಮೊತ್ತದ ಕೆಳಗೆ ಸಾಮಾನ್ಯವಾಗಿ ಕಾಣುವುದು ಸಿಜಿಎಸ್‌ಟಿ (ಕೇಂದ್ರದ ಪಾಲು) 2.5, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 2.5, ಒಟ್ಟು ಶೇ 5. ಊರೊಳಗಿನ ಹೋಟೆಲ್‌ಗಳಿಗೆ, ಎಸಿ ಇರಲಿ ಬಿಡಲಿ, ಇದೇ ದರ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ರೆಸಾರ್ಟ್‌ಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಶೇ 18 ಇರುತ್ತದೆ. ಈ ದುಡ್ಡು ಸರ್ಕಾರಕ್ಕೆ ಹೋಗುತ್ತದೆ, ಸಪ್ಲೈಯರ್‌ಗೆ ಇದರಲ್ಲಿ ಬಿಡಿಗಾಸೂ ಇಲ್ಲ. ‘ಟ್ಯಾಕ್ಸ್ ಕಟ್ಟಿದ್ದೇನಲ್ಲ, ಮತ್ತೇಕೆ ಟಿಪ್ಸ್’ ಎನ್ನುವವರು ಎರಡು ಬೇರೆ ಜೇಬುಗಳನ್ನು ಒಂದೇ ಎಂದುಕೊಂಡಿದ್ದಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ಬಿಲ್ಲಿನಲ್ಲಿ ಸರ್ವಿಸ್ ಟ್ಯಾಕ್ಸ್ ಎಂಬುದೊಂದಿತ್ತು. ಅದು ಹೋಯಿತು. ಹೆಸರಿನ ಹೋಲಿಕೆಯಿಂದ, ಹೋಟೆಲ್‌ನವರೇ ಹಾಕುವ ಸರ್ವಿಸ್ ಚಾರ್ಜನ್ನೂ (ಸೇವಾಶುಲ್ಕ) ಸರ್ಕಾರಿ ತೆರಿಗೆ ಎಂದು ನಂಬಿ ಸುಮ್ಮನೆ ಕಟ್ಟುವವರು ಮಾತ್ರ ಇಂದಿಗೂ ಇದ್ದಾರೆ.

ಸಣ್ಣ ಹೋಟೆಲ್‌ಗಳಲ್ಲಿ ಇನ್ನೊಂದು ಬಗೆ ಇದೆ. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದು ಕಾಂಪೊಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ವ್ಯವಸ್ಥೆ) ಆರಿಸಿಕೊಂಡ ಹೋಟೆಲ್, ತೆರಿಗೆಯನ್ನು ತನ್ನ ಕೈಯಿಂದ ಕಟ್ಟಬೇಕೇ ಹೊರತು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಅಂಥ ಬಿಲ್ಲಿನ ಮೇಲೆ ‘ಬಿಲ್ ಆಫ್ ಸಪ್ಲೈ’ ಎಂದಿರುತ್ತದೆ, ತೆರಿಗೆಯ ಸಾಲು ಇರಬಾರದು. ಇನ್ನು, ತೆರಿಗೆ ಹಾಕಿಯೂ ಜಿಎಸ್‌ಟಿ ನಂಬರ್ ಮುದ್ರಿಸದ ಬಿಲ್ ಬಂದರೆ ಕೇಳಿ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ–ಅಂಕಿ. ಬಾರ್ ಬಿಲ್ಲಿನಲ್ಲಿ ಇನ್ನೊಂದು ಕಡೆ ಕಣ್ಣಿಡಿ: ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ, ಹಾಗಾಗಿ ಶೇ 5 ಬೀಳಬೇಕಾದದ್ದು ತಿಂಡಿ, ಊಟ, ಸೋಡಾ ಇತ್ಯಾದಿಗಳ ಮೇಲೆ ಮಾತ್ರ.

ಸರ್ವಿಸ್ ಚಾರ್ಜ್ ಕಂಡರೆ

ಶಿವಮೊಗ್ಗದ ದುರ್ಗಿಗುಡಿಯ ದೋಸೆ ಹೋಟೆಲ್‌ನಲ್ಲಿ ಈ ಸಾಲು ಸಿಗುವುದು ಅಪರೂಪ. ರೆಸಾರ್ಟ್, ದೊಡ್ಡ ರೆಸ್ಟೋರೆಂಟ್, ಬೆಂಗಳೂರಿನ ಪಬ್ಬುಗಳಲ್ಲಿ ಶೇ 5ರಿಂದ 10ರವರೆಗೆ ಹಾಕುವುದುಂಟು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲ್‌ನವರು ಇದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟೂ ಸೇರಿಸುವಂತಿಲ್ಲ, ಕೊಡದವರಿಗೆ ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ರಂದು ಅದೇ ಹೈಕೋರ್ಟ್ ಅವರ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿ ಹಾಕಿವೆ. ಆದರೂ ಗಿರಾಕಿ ಮುಂದಿಟ್ಟು ಮಾತಾಡಬಹುದಾದ ಆಧಾರ ಈ ತೀರ್ಪೇ.

ತೆಗೆಸುವ ಕ್ರಮ ಹೀಗೆ. ಸಪ್ಲೈಯರ್ ಹತ್ತಿರ ಜಗಳ ಬೇಡ, ಬಿಲ್ ಮಾಡಿದ್ದು ಅವರಲ್ಲ. ಮ್ಯಾನೇಜರನ್ನು ಕರೆದು ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಮಾಡಿಕೊಡಿ’ ಅನ್ನಿ. ‘ಅಷ್ಟು ಕಡಿಮೆ ಕೊಡಿ ಸಾರ್, ಪರವಾಗಿಲ್ಲ’ ಎಂದರೆ ಒಪ್ಪಬೇಡಿ, ಹೊಸ ಬಿಲ್ಲೇ ಬೇಕು. ಕಾರಣ ಲೆಕ್ಕದಲ್ಲಿದೆ. ಊಟದ ಮೊತ್ತ 640 ಎಂದುಕೊಳ್ಳಿ. ಶೇ 5 ತೆರಿಗೆ 32 ಸೇರಿ 672 ಆಗಬೇಕು. ಶೇ 10 ಸರ್ವಿಸ್ ಚಾರ್ಜ್ 64 ಹಾಕಿ, ಒಟ್ಟು 704ರ ಮೇಲೆ ತೆರಿಗೆ ಹಾಕಿದಾಗ ಬಿಲ್ 739.20ಕ್ಕೆ ಏರುತ್ತದೆ. ವ್ಯತ್ಯಾಸ 64 ಅಲ್ಲ, 67.20. ಬರಿ 64 ಕಳೆದರೆ, ಕೊಡದ ಸೇವಾಶುಲ್ಕದ ಮೇಲೂ 3 ರೂಪಾಯಿ 20 ಪೈಸೆ ತೆರಿಗೆ ಕಟ್ಟಿದಂತಾಯಿತು.

ಒಪ್ಪದಿದ್ದರೆ ದುಡ್ಡು ಕೊಟ್ಟು, ಬಿಲ್ಲಿನ ಫೋಟೊ ತೆಗೆದುಕೊಂಡು, ಮೆನುವಿನಲ್ಲಿ ಆ ಬಗ್ಗೆ ಬರೆದಿದ್ದರೆ ಅದರದ್ದೂ ತೆಗೆದುಕೊಂಡು ಹೊರಗೆ ಬನ್ನಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಜಿಲ್ಲಾಧಿಕಾರಿಗೂ ಬರೆದುಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದವರೆಗೂ ಹೋಗಬಹುದು, ಆದರೆ 67 ರೂಪಾಯಿಗೆ ಅಷ್ಟು ದೂರ ಓಡಾಡುವವರು ಕಡಿಮೆ. ಸಾಮಾನ್ಯವಾಗಿ 1915ರ ಹೆಸರೆತ್ತಿದಾಗಲೇ ಹೊಸ ಬಿಲ್ ಬರುತ್ತದೆ. ‘ಸ್ಟಾಫ್ ವೆಲ್ಫೇರ್’, ‘ಸ್ಟಾಫ್ ಕಾಂಟ್ರಿಬ್ಯೂಷನ್’ ಎಂದಿದ್ದರೂ ಇದೇ ಮಾತು. ಪಾರ್ಸೆಲ್ ಡಬ್ಬಿಗೆ ಹಾಕುವ ಐದು–ಹತ್ತು ರೂಪಾಯಿ ಇದರಲ್ಲಿ ಸೇರುವುದಿಲ್ಲ, ಅದು ಡಬ್ಬಿಯ ಬೆಲೆ.

ಸರ್ವಿಸ್ ಚಾರ್ಜ್ ತೆಗೆಸಿದ ಮೇಲೆ ಸಪ್ಲೈಯರ್ ಕೈಗೆ ನೋಟು ಇಡುವುದನ್ನು ಮರೆಯಬೇಡಿ. ಸರ್ವಿಸ್ ಚಾರ್ಜನ್ನು ಕೊಟ್ಟೇ ಕೊಟ್ಟಿರೆಂದಾದರೆ ಎರಡನೇ ಸಲ ಟಿಪ್ಸ್ ಕೊಡುವ ಅಗತ್ಯವಿಲ್ಲ.

ಎಷ್ಟು

ಶೇ 10 ಎಂಬ ಲೆಕ್ಕವನ್ನು ದೊಡ್ಡ ಊರಿನ ಹೋಟೆಲ್‌ಗಳಿಗೆ ಬಿಡಿ. ಇಲ್ಲಿ ನಡೆಯುವುದು ನೋಟಿನ ಲೆಕ್ಕ: ಹತ್ತು, ಇಪ್ಪತ್ತು, ಐವತ್ತು.

ದರ್ಶಿನಿಗಳಲ್ಲಿ, ಬಸ್‌ಸ್ಟ್ಯಾಂಡ್ ಕ್ಯಾಂಟೀನ್‌ಗಳಲ್ಲಿ ಟೋಕನ್ ತೆಗೆದುಕೊಂಡು, ನಿಂತು ತಿಂದು, ತಟ್ಟೆಯನ್ನು ತೊಟ್ಟಿಗೆ ಹಾಕಿ ಬರುತ್ತೀರಿ. ಅಲ್ಲಿ ಏನೂ ಬೇಡ. ಬೆಳಗ್ಗೆ ಎಂಟು ಗಂಟೆಯ ನೂಕುನುಗ್ಗಲಲ್ಲಿ ದೋಸೆ ಹಾಕುವವನಿಗೆ ಟಿಪ್ಸ್ ಚಾಚಿದರೆ ತೆಗೆದುಕೊಳ್ಳಲು ಅವನಿಗೆ ಬಿಡುವಿಲ್ಲ, ಹಿಂದೆ ನಿಂತವರಿಗೆ ತಾಳ್ಮೆಯೂ ಇಲ್ಲ.

ಕೂತು ತಿನ್ನುವ ತಿಂಡಿ ಹೋಟೆಲ್‌ನಲ್ಲಿ ಇಬ್ಬರು ಮಸಾಲೆ ದೋಸೆ, ಕಾಫಿ ಮುಗಿಸಿ ಬಿಲ್ 180 ಆದರೆ 10 ರೂಪಾಯಿ ಸರಿ. ಒಬ್ಬರೇ ಹೋಗಿ ಒಂದು ಪ್ಲೇಟ್ ಇಡ್ಲಿ ತಿಂದರೆ ಕೊಡದಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬೈ-ಟು ಕಾಫಿಗೆ ಟಿಪ್ಸ್ ಕೊಡುವುದು ತೀರಾ ಅತಿ. ದಿನಾ ಅದೇ ಟೇಬಲ್ಲಿಗೆ ಹೋಗುವವರು ದಿನಾ ಐದೈದು ಕೊಡುವುದಕ್ಕಿಂತ ವಾರಕ್ಕೊಮ್ಮೆ 30–50 ಕೊಟ್ಟರೆ ಕೊಡುವವರಿಗೂ ಪಡೆಯುವವರಿಗೂ ಅನುಕೂಲ.

ಬಾಳೆ ಎಲೆ ಊಟ ಬೇರೆ ಮಾತು. ಪಲ್ಯ, ಕೋಸಂಬರಿ, ಅನ್ನ, ಸಾರು, ಸಾಂಬಾರ್, ಮತ್ತೆ ಅನ್ನ, ಮಜ್ಜಿಗೆ ಎಂದು ಬಡಿಸುವವರು ನಿಮ್ಮ ಎಲೆಯ ಮುಂದೆ ಏಳೆಂಟು ಸಲ ಬಗ್ಗುತ್ತಾರೆ. ಊಟದ ಬೆಲೆ ಕಡಿಮೆ, ಕೆಲಸ ಜಾಸ್ತಿ. ಇಲ್ಲಿ ಬಿಲ್ಲಿನ ಶೇಕಡಾವಾರು ನೋಡುವುದೇ ತಪ್ಪು, ತಲೆಗೆ ಹತ್ತು ರೂಪಾಯಿಯಂತೆ ಲೆಕ್ಕ ಹಾಕಿ. ಬಡಿಸುವವರು ಮೂರ್ನಾಲ್ಕು ಜನ ಇದ್ದರೆ ಒಬ್ಬರಿಗೆ ಕೊಟ್ಟು ‘ಎಲ್ಲರಿಗೂ’ ಎಂದು ಉಳಿದವರಿಗೆ ಕೇಳುವಂತೆ ಹೇಳಿ. ಮೆಲ್ಲಗೆ ಹೇಳಿದರೆ ಅದು ಒಬ್ಬರದ್ದೇ ಆಗುತ್ತದೆ.

ಮಿಲಿಟರಿ ಹೋಟೆಲ್‌ಗಳಲ್ಲಿ ನಾಲ್ಕು ಜನರ ಊಟಕ್ಕೆ 20–30. ಫ್ಯಾಮಿಲಿ ರೆಸ್ಟೋರೆಂಟ್‌ಗಳಲ್ಲಿ ತೆರಿಗೆ ಸೇರಿಸುವ ಮುಂಚಿನ ಮೊತ್ತದ ಸುಮಾರು ಶೇ 5: ಮೇಲಿನ ಉದಾಹರಣೆಯಲ್ಲಿ 672ಕ್ಕೆ 700 ಇಟ್ಟು 28 ಬಿಟ್ಟರೆ ಲೆಕ್ಕ ಸರಿಯಾಯಿತು. ತೆರಿಗೆಯ ಮೇಲೂ ಟಿಪ್ಸ್ ಲೆಕ್ಕ ಹಾಕಬೇಕಿಲ್ಲ. ಬಾರ್ ಆಂಡ್ ರೆಸ್ಟೋರೆಂಟ್‌ನಲ್ಲಿ ಟೇಬಲ್ ಹಿಡಿದು ಮೂರು ಗಂಟೆ ಕೂತಿದ್ದರೆ ಶೇ 5ಕ್ಕೆ ನಿಲ್ಲಬೇಡಿ. ಆ ಮೂರು ಗಂಟೆಯಲ್ಲಿ ಅದೇ ಟೇಬಲ್ಲಿನಲ್ಲಿ ಮೂರು ಕುಟುಂಬ ಊಟ ಮಾಡಿ ಎದ್ದಿದ್ದರೆ ಸಪ್ಲೈಯರ್‌ಗೆ ಮೂರು ಸಲ ಸಿಗುತ್ತಿತ್ತು. ಅಲ್ಲಿ ಟಿಪ್ಸನ್ನು ಕೊನೆಯ ರೌಂಡಿಗೆ ಮುಂಚೆ, ತಲೆ ನೆಟ್ಟಗಿರುವಾಗಲೇ ಎಣಿಸಿ ಬೇರೆ ಜೇಬಿನಲ್ಲಿಡಿ. ಹತ್ತರ ಬದಲು ಐನೂರು ಹೋದ ಮೇಲೆ ಮರುದಿನ ಬಂದು ಕೇಳುವುದು ಯಾರಿಗೂ ಚೆಂದವಲ್ಲ.

ಹೆಚ್ಚು ಕೊಡಬೇಕಾದ ಸಂದರ್ಭಗಳು ಇವು: ಹತ್ತು–ಹದಿನೈದು ಜನರ ಗುಂಪು, ಟೇಬಲ್ ಜೋಡಿಸಿಕೊಟ್ಟದ್ದು, ಮಕ್ಕಳು ಅನ್ನವೆಲ್ಲ ಚೆಲ್ಲಿದ್ದು, ಹೋಟೆಲ್ ಮುಚ್ಚುವ ಹೊತ್ತಿಗೆ ಹೋಗಿ ಒಲೆ ಮತ್ತೆ ಹೊತ್ತಿಸಿದ್ದು. ಇಂಥಲ್ಲಿ ನೂರರ ನೋಟು ಹೆಚ್ಚಾಗದು. ಮಕ್ಕಳು ಚೆಲ್ಲಿದ್ದನ್ನು ಒರೆಸುವವರು ಕ್ಲೀನರ್, ಸಪ್ಲೈಯರ್ ಅಲ್ಲ. ಇಪ್ಪತ್ತು ಅವರಿಗೆ ಬೇರೆಯಾಗಿ ಕೊಡಿ.

ಕೈಗೆ ಸೇರುವ ದಾರಿ

ಟಿಪ್ಸ್ ವಿಚಾರದಲ್ಲಿ ಹೆಚ್ಚು ಎಡವಟ್ಟಾಗುವುದು ಮೊತ್ತದಲ್ಲಲ್ಲ, ದಾರಿಯಲ್ಲಿ. ಸೋಂಪಿನ ಜೊತೆ ಬಿಲ್ ಬರುವ ತಟ್ಟೆಯಲ್ಲಿ ನೋಟು ಬಿಟ್ಟು ಎದ್ದರೆ, ಅದು ಮೊದಲು ಟೇಬಲ್ಲಿಗೆ ಬಂದವರ ಪಾಲು. ಸಪ್ಲೈಯರ್ ಇನ್ನೊಂದು ಟೇಬಲ್ಲಿನ ಆರ್ಡರ್ ಹಿಡಿದಿರುತ್ತಾರೆ, ಕ್ಲೀನರ್ ಬಟ್ಟೆ ಹಿಡಿದು ಬಂದಿರುತ್ತಾರೆ. ಇಬ್ಬರ ನಡುವಿನ ಮನಸ್ತಾಪಕ್ಕೆ ನಿಮ್ಮ ಇಪ್ಪತ್ತು ರೂಪಾಯಿ ಕಾರಣವಾಗುವುದು ಬೇಡ. ಎಲೆಯ ಕೆಳಗೆ, ಲೋಟದಡಿ ಇಟ್ಟ ನೋಟು ಒದ್ದೆಯಾಗುತ್ತದೆ, ಕೆಲವೊಮ್ಮೆ ಎಲೆಯ ಜೊತೆಗೇ ಬುಟ್ಟಿ ಸೇರುತ್ತದೆ. ಏಳುವ ಮುಂಚೆ ಸಪ್ಲೈಯರ್ ಕಣ್ಣಿಗೆ ಬಿದ್ದಾಗ ಕೈಗೆ ಕೊಡಿ. ಗಲ್ಲಾದಲ್ಲಿ ದುಡ್ಡು ಕಟ್ಟುವ ಹೋಟೆಲ್ ಆದರೆ ಚಿಲ್ಲರೆ ತೆಗೆದುಕೊಂಡು ಹಿಂದಿರುಗಿ ಕೊಡಬೇಕಾಗುತ್ತದೆ, ಅದಕ್ಕಾಗಿ ಮೊದಲೇ ಚಿಲ್ಲರೆ ಇಟ್ಟುಕೊಂಡು ಹೋಗುವುದೇ ಲೇಸು.

ಗಲ್ಲಾದ ಪಕ್ಕ ಟಿಪ್ಸ್ ಡಬ್ಬಿ ಇದ್ದರೆ ‘ಡಬ್ಬಿಗೆ ಹಾಕಲೋ, ನಿಮಗೇ ಕೊಡಲೋ’ ಎಂದು ಸಪ್ಲೈಯರನ್ನೇ ಕೇಳಿ. ಡಬ್ಬಿಯ ದುಡ್ಡು ನಿಜಕ್ಕೂ ಹಂಚಿಹೋಗುವ ಕಡೆ ಅವರು ಡಬ್ಬಿ ತೋರಿಸುತ್ತಾರೆ, ಅಡುಗೆಮನೆಯವರಿಗೂ ಪಾಲು ಸಿಗುತ್ತದೆ. ಉತ್ತರ ಕೊಡುವ ಮುಂಚೆ ಗಲ್ಲಾದ ಕಡೆ ಒಮ್ಮೆ ನೋಡಿದರೆ ಅರ್ಥ ಮಾಡಿಕೊಂಡು ಕೈಗೇ ಕೊಡಿ.

ಯುಪಿಐ ಬಂದ ಮೇಲೆ ದಾರಿ ಇನ್ನಷ್ಟು ಸುತ್ತಾಗಿದೆ. ಟೇಬಲ್ ಮೇಲಿನ ಕ್ಯೂಆರ್ ಕೋಡ್ ಮಾಲೀಕರ ಖಾತೆಯದು. 672ರ ಬದಲು 700 ಹಾಕಿ ‘ಉಳಿದದ್ದು ನಿಮಗೆ’ ಎಂದರೆ ಆ 28 ರೂಪಾಯಿ ಬ್ಯಾಂಕಿಗೆ ಹೋಗಿ ಕೂತಿರುತ್ತದೆ. ರಾತ್ರಿ ಲೆಕ್ಕ ಮುಗಿಸುವಾಗ ಅದನ್ನು ಗಲ್ಲಾದಿಂದ ತೆಗೆದು ಕೊಡಬೇಕೆಂದು ಯಾರಾದರೂ ನೆನಪಿಡಬೇಕು. ಬಿಲ್ ಯುಪಿಐನಲ್ಲಿ ಕಟ್ಟಿ, ಟಿಪ್ಸ್ ನೋಟಿನಲ್ಲಿ ಕೊಡುವುದು ಸುರಕ್ಷಿತ. ಜೇಬಿನಲ್ಲಿ ನೋಟೇ ಇಲ್ಲದಿದ್ದರೆ ಸಪ್ಲೈಯರ್ ನಂಬರ್ ಕೇಳಿ ನೇರ ಹಾಕಿ. ಹೆಚ್ಚಿನವರು ಸಂಕೋಚವಿಲ್ಲದೆ ಫೋನ್ ತೆಗೆದು ತೋರಿಸುತ್ತಾರೆ. ಕೆಲವು ಹೋಟೆಲ್‌ಗಳಲ್ಲಿ ಕೆಲಸದ ಹೊತ್ತಿನಲ್ಲಿ ಫೋನ್ ಬಳಸಲು ಬಿಡುವುದಿಲ್ಲ, ಅಲ್ಲಿ ಒತ್ತಾಯ ಮಾಡಬೇಡಿ. ಮಳೆಗಾಲದಲ್ಲಿ ಆಗುಂಬೆ, ಹೊಸನಗರ, ಕಳಸದ ಕಡೆ ಕರೆಂಟು, ಸಿಗ್ನಲ್ ಎರಡೂ ಕೈಕೊಡುತ್ತವೆ. ಘಟ್ಟ ಹತ್ತುವ ಮುಂಚೆ ಹತ್ತು, ಇಪ್ಪತ್ತರ ನೋಟು ಸೇರಿಸಿ ಮುನ್ನೂರು ರೂಪಾಯಿಯಷ್ಟು ಚಿಲ್ಲರೆ ಮಾಡಿಕೊಳ್ಳಿ. ಅದು ಬಿಲ್ಲಿಗೂ ಆಗುತ್ತದೆ.

ಹತ್ತು ರೂಪಾಯಿ ನಾಣ್ಯದ ಬಗ್ಗೆ ಒಂದು ಮಾತು. ಅದು ಚಲಾವಣೆಯಲ್ಲಿದೆ, ರಿಸರ್ವ್ ಬ್ಯಾಂಕ್ ಹಲವು ಸಲ ಹೇಳಿದೆ. ಆದರೂ ಅಂಗಡಿಗಳಲ್ಲಿ ಬೇಡ ಎನ್ನುವವರು ಇದ್ದಾರೆ. ನೀವು ಕೊಟ್ಟ ನಾಣ್ಯ ಸಪ್ಲೈಯರ್ ಜೇಬಿನಲ್ಲೇ ಉಳಿಯುವ ಸಾಧ್ಯತೆ ಇರುವುದರಿಂದ ನಾಣ್ಯ ಗಲ್ಲಾಕ್ಕೆ, ನೋಟು ಕೈಗೆ. ಅಂಟು ಹಚ್ಚಿದ ಹರಕು ನೋಟನ್ನು ಟಿಪ್ಸ್ ಹೆಸರಿನಲ್ಲಿ ಸಾಗಹಾಕುವ ಜಾಣತನವನ್ನು ಅವರು ಆ ಕ್ಷಣವೇ ಗುರುತಿಸುತ್ತಾರೆ.

ಕೊಡಲೇಬಾರದ ಕಡೆ

ಶೃಂಗೇರಿ, ಹೊರನಾಡಿನಂಥ ಕ್ಷೇತ್ರಗಳ ಭೋಜನಶಾಲೆಯಲ್ಲಿ ಬಡಿಸುವವರಿಗೆ ದುಡ್ಡು ಚಾಚುವುದು ಸಲ್ಲದು. ಕೊಡಬೇಕೆನಿಸಿದರೆ ಕೌಂಟರಿನಲ್ಲಿ ಅನ್ನದಾನಕ್ಕೆ ರಸೀದಿ ಮಾಡಿಸಿ. ಮದುವೆ ಮನೆಯಲ್ಲೂ ಪಂಕ್ತಿಯಲ್ಲಿ ಕೂತ ನೆಂಟರು ಟಿಪ್ಸ್ ಕೊಡುವುದಿಲ್ಲ. ಅಡುಗೆ ಭಟ್ಟರಿಗೆ, ಬಡಿಸಿದವರಿಗೆ ಕೊನೆಯಲ್ಲಿ ಕೊಡುವ ಖುಷಿಯ ದುಡ್ಡು ಮದುವೆ ಮಾಡುವವರ ಜವಾಬ್ದಾರಿ, ಅದನ್ನು ಕಾಂಟ್ರ್ಯಾಕ್ಟ್ ಮಾತಾಡುವಾಗಲೇ ಖರ್ಚಿನ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.

ಸಣ್ಣ ಊರಿನ ಹೋಟೆಲ್‌ಗಳಲ್ಲಿ ಕೊಟ್ಟೆ ಕಡುಬು ತಂದಿಟ್ಟವರು ಮಾಲೀಕರ ಹೆಂಡತಿಯೋ ಮಗನೋ ಆಗಿರುವುದು ತೀರಾ ಸಾಮಾನ್ಯ. ಬಡಿಸಿದವರೇ ಗಲ್ಲಾದ ಡ್ರಾಯರ್ ಎಳೆದು ಚಿಲ್ಲರೆ ಕೊಟ್ಟರೆ ಅವರು ಮನೆಯವರು ಎಂದು ತಿಳಿಯಿರಿ. ಅವರಿಗೆ ಟಿಪ್ಸ್ ಕೊಟ್ಟರೆ ಒಂದೋ ನಗುತ್ತಾರೆ, ಇಲ್ಲವೋ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ‘ಕಡುಬು ಚೆನ್ನಾಗಿತ್ತು ಅಮ್ಮ’ ಎಂದರೆ ಸಾಕು, ಪಾರ್ಸೆಲ್ ನಾಲ್ಕು ಕಟ್ಟಿಸಿಕೊಂಡರೆ ಇನ್ನೂ ಒಳ್ಳೆಯದು. ‘ಬೇಡ ಸಾರ್’ ಎಂದವರ ಜೇಬಿಗೆ ತುರುಕುವ ಅಭ್ಯಾಸವನ್ನೂ ಬಿಡಬೇಕು.

ಹೋಂಸ್ಟೇಗಳಲ್ಲಿ ಇದೇ ಸೂಕ್ಷ್ಮ ಇನ್ನೂ ಹೆಚ್ಚು. ಊಟಕ್ಕೆ ಕರೆದು ಎದುರು ಕೂತು ಮಾತಾಡುವ ಮನೆ ಯಜಮಾನರಿಗೆ, ಯಜಮಾನ್ತಿಗೆ ಟಿಪ್ಸ್ ಇಲ್ಲ. ಅಡುಗೆಗೆ, ಪಾತ್ರೆಗೆ, ಕೋಣೆ ಗುಡಿಸಲು ಬರುವ ಅಕ್ಕಪಕ್ಕದ ಊರಿನವರಿಗೆ ಇದೆ. ಹೊರಡುವ ಬೆಳಗ್ಗೆ ‘ಅಡುಗೆಯವರಿಗೆ ಏನಾದರೂ ಕೊಡಬಹುದಾ’ ಎಂದು ಯಜಮಾನರನ್ನು ಕೇಳಿ, ಅವರ ಎದುರೇ ಕೊಡಿ. ನಾಲ್ಕು ಜನ ಎರಡು ರಾತ್ರಿ ಉಳಿದಿದ್ದರೆ ಅಡುಗೆಯವರಿಗೆ 200–300, ಕೋಣೆ ನೋಡಿಕೊಂಡವರಿಗೆ 100–200 ಸಾಕು. ಮೊದಲ ದಿನವೇ ಐನೂರು ಕೊಟ್ಟು ಹೆಚ್ಚಿನ ಉಪಚಾರ ಕೊಳ್ಳಲು ಹೊರಟರೆ ಪಕ್ಕದ ಕೋಣೆಯವರಿಗೆ ಬಿಸಿನೀರು ತಡವಾಗುತ್ತದೆ.

ಸಿಟ್ಟು ಬಂದಾಗ

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಜೋಗ ತುಂಬಿದಾಗ ಶನಿವಾರ, ಭಾನುವಾರ ಸಾಗರ–ಜೋಗ ದಾರಿಯ ಹೋಟೆಲ್‌ಗಳಲ್ಲಿ ನೀರ್ ದೋಸೆಗೆ ಅರ್ಧ ಗಂಟೆ ಕಾಯಬೇಕಾದೀತು. ಅದು ಒಲೆಯ ಸಂಖ್ಯೆಯ ಸಮಸ್ಯೆ. ಉಪ್ಪು ಜಾಸ್ತಿಯಾದದ್ದು ಭಟ್ಟರ ತಪ್ಪು. ಇವೆರಡಕ್ಕೂ ಸಪ್ಲೈಯರ್ ಟಿಪ್ಸ್ ಕತ್ತರಿಸುವುದು ನ್ಯಾಯವಲ್ಲ, ಗಲ್ಲಾದಲ್ಲಿ ಹೇಳಿದರೆ ತಲುಪಬೇಕಾದ ಕಿವಿಗೆ ತಲುಪುತ್ತದೆ. ಆರ್ಡರ್ ಮರೆತದ್ದು, ಕರೆದರೂ ಮುಖ ತಿರುಗಿಸಿದ್ದು, ತಿನ್ನದ ಪದಾರ್ಥ ಬಿಲ್ಲಿಗೆ ಸೇರಿದ್ದು: ಇವು ಸಪ್ಲೈಯರ್ ಲೆಕ್ಕಕ್ಕೆ ಬರುತ್ತವೆ, ಕೊಡದೆ ಎದ್ದು ಬನ್ನಿ. ಸಿಟ್ಟು ತೋರಿಸಲು ಒಂದು ರೂಪಾಯಿ ನಾಣ್ಯ ಇಟ್ಟು ಬರುವುದು ಮಾತ್ರ ಬೇಡ, ಅದು ಬೈಗುಳಕ್ಕಿಂತ ಕೆಟ್ಟದ್ದು.

ಮನೆಗೆ ತರಿಸಿದಾಗ

ಸ್ವಿಗ್ಗಿ, ಜೊಮ್ಯಾಟೊ ಡೆಲಿವರಿಯವರಿಗೆ ಟಿಪ್ಸ್ ಆಪ್‌ನಲ್ಲೂ ಸೇರಿಸಬಹುದು, ಬಾಗಿಲಲ್ಲೂ ಕೊಡಬಹುದು. ಬಾಗಿಲಲ್ಲಿ ಕೊಟ್ಟ ಇಪ್ಪತ್ತು ಆ ಕ್ಷಣವೇ ಜೇಬಿನಲ್ಲಿರುತ್ತದೆ. ಆಪ್‌ನ ಡೆಲಿವರಿ ಶುಲ್ಕ, ಪ್ಲಾಟ್‌ಫಾರ್ಮ್ ಶುಲ್ಕಗಳನ್ನು ಟಿಪ್ಸ್ ಎಂದುಕೊಳ್ಳಬೇಡಿ. ಆಷಾಢದ ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಶಿವಮೊಗ್ಗದ ವಿನೋಬನಗರದಲ್ಲಿ ಮೂರನೇ ಮಹಡಿ ಹತ್ತಿ ಬಂದವರಿಗೆ 30–40 ಕೊಡಿ, ಇಲ್ಲವೇ ಕೆಳಗಿಳಿದು ನೀವೇ ತೆಗೆದುಕೊಂಡು 20 ಕೊಡಿ.

ಹೋಟೆಲ್ ನಡೆಸುವವರಿಗೆ

ಟಿಪ್ಸ್ ಇದೆ ಎಂದು ಸಂಬಳ ಇಳಿಸುವುದು ಮೊದಲ ತಪ್ಪು. ಟಿಪ್ಸ್ ಕೊಡುವವರು ಗಿರಾಕಿ, ಸಂಬಳ ಕೊಡಬೇಕಾದವರು ನೀವು. ಎರಡನೆಯದು, ಯುಪಿಐ ಮತ್ತು ಕಾರ್ಡಿನಲ್ಲಿ ಬಂದ ಟಿಪ್ಸ್ ಲೆಕ್ಕಕ್ಕೆ ಸಿಗದೆ ಹೋಗುವುದು. ಗಲ್ಲಾದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಡಿ. ದಿನಾಂಕ, ಬಿಲ್ ನಂಬರ್, ಬಿಲ್ಲಿಗಿಂತ ಹೆಚ್ಚು ಬಂದ ಮೊತ್ತ, ಸಪ್ಲೈಯರ್ ಹೆಸರು: ನಾಲ್ಕೇ ಕಾಲಂ. ರಾತ್ರಿ ಗಲ್ಲಾ ಮುಚ್ಚುವ ಮುಂಚೆ ಆ ಮೊತ್ತವನ್ನು ನಗದಾಗಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ‘ನಾಳೆ ಕೊಡುತ್ತೇನೆ’ ಎಂದ ಟಿಪ್ಸ್ ವಾರ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ, ಪಡೆಯಬೇಕಾದವರನ್ನು ಬಿಟ್ಟು. ಹೀಗೆ ಸಂಗ್ರಹಿಸಿ ಹಂಚಿದ ಟಿಪ್ಸ್ ಸಂಬಳವಲ್ಲ, ಅದಕ್ಕೆ ಸಂಬಳದ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕಿಲ್ಲ ಎಂದು ಐಟಿಸಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಹಾಗಾಗಿ ತೆರಿಗೆಯ ನೆಪ ಹೇಳಿ ತಡೆಹಿಡಿಯುವಂತಿಲ್ಲ.

ಡಬ್ಬಿ ಇಟ್ಟರೆ ಬೀಗದ ಕೈ ಮಾಲೀಕರ ಬಳಿ ಬೇಡ, ಕೆಲಸಗಾರರೇ ಆರಿಸಿದ ಒಬ್ಬರ ಬಳಿ ಇರಲಿ. ವಾರಕ್ಕೊಮ್ಮೆ, ರಜೆಯ ಹಿಂದಿನ ರಾತ್ರಿ, ಎಲ್ಲರ ಎದುರು ಎಣಿಸಲಿ. ನೂರರಲ್ಲಿ ಸಪ್ಲೈಯರ್‌ಗಳಿಗೆ 50, ಅಡುಗೆಮನೆಗೆ 30, ಕ್ಲೀನರ್‌ಗಳಿಗೆ 20 ಎಂಬ ಹಂಚಿಕೆ ಹೆಚ್ಚಿನ ಕಡೆ ತಕರಾರಿಲ್ಲದೆ ನಡೆಯುತ್ತದೆ. ಎಲೆ ಊಟದ ಹೋಟೆಲ್ ಆದರೆ ಕ್ಲೀನರ್ ಪಾಲನ್ನು 25ಕ್ಕೆ ಏರಿಸಿ ಸಪ್ಲೈಯರ್ ಪಾಲನ್ನು 45ಕ್ಕೆ ಇಳಿಸಬಹುದು, ಎಲೆ ಎತ್ತುವ ಕೆಲಸ ಅಷ್ಟಿರುತ್ತದೆ. ವಾರದ ಮಧ್ಯೆ ಕೆಲಸ ಬಿಟ್ಟು ಊರಿಗೆ ಹೋದವರಿಗೆ ದುಡಿದ ದಿನಗಳ ಲೆಕ್ಕ ಹಾಕಿ ಅದೇ ವಾರ ಫೋನ್‌ಗೆ ಕಳುಹಿಸಿಬಿಡಿ.